ಹದಿಹರೆಯದವರ ತೂಕ ಇಳಿಸುವ ಶಸ್ತ್ರಚಿಕಿತ್ಸೆ: ಔಷಧಗಳ ಲೆಕ್ಕ ತಪ್ಪದಂತೆ ನೋಡಿಕೊಳ್ಳುವುದು ಹೇಗೆ?

ಶಸ್ತ್ರಚಿಕಿತ್ಸೆ ಸರಿಯಾಗಿಯೇ ಆಗಿರುತ್ತದೆ. ಎಡವುವುದು ಮನೆಗೆ ಬಂದ ಮೇಲೆ. ಮುಟ್ಟಿನ ಹೊಟ್ಟೆನೋವಿಗೆ ಮಗಳು ಹಳೆಯ ಅಭ್ಯಾಸದಂತೆ ಮೆಫ್ಟಾಲ್ ಸ್ಪಾಸ್ ನುಂಗುತ್ತಾಳೆ. ಮೈಕೈ ನೋವಿಗೆ ಊರಿನ ಕ್ಲಿನಿಕ್‌ನಲ್ಲಿ ಮಗನಿಗೆ ಡೈಕ್ಲೋಫೆನಾಕ್ ಇಂಜೆಕ್ಷನ್ ಹಾಕಿಸುತ್ತಾರೆ. ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆಗಳನ್ನು ಒಂದೇ ಗುಟುಕಿನಲ್ಲಿ ನುಂಗಿಸಿ ಇವತ್ತಿನ ಕೆಲಸ ಮುಗಿಯಿತು ಎಂದುಕೊಳ್ಳುತ್ತಾರೆ. ಈ ತಪ್ಪುಗಳು ಮತ್ತೆ ಮತ್ತೆ ಕಾಣುವುದರಿಂದ, ಶಸ್ತ್ರಚಿಕಿತ್ಸೆಗೆ ಒಂದು ತಿಂಗಳ ಮುಂಚಿನಿಂದ ಹಿಡಿದು ಮಗು ಹಾಸ್ಟೆಲ್ ಸೇರುವವರೆಗೆ ಏನೇನು, ಯಾವ ಕ್ರಮದಲ್ಲಿ ಮಾಡಬೇಕು ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಒಂದು ವಿಷಯ ಗೊತ್ತಿರಲಿ. ಸ್ಲೀವ್ ಶಸ್ತ್ರಚಿಕಿತ್ಸೆಯಲ್ಲಿ ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚನ್ನು ತೆಗೆದು ಉಳಿದದ್ದನ್ನು ಸಣ್ಣ ಕೊಳವೆಯಾಗಿ ಹೊಲಿಯುತ್ತಾರೆ. ಜಠರದ ಬೈಪಾಸ್‌ನಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಯುವ ಪುಟ್ಟ ಚೀಲ ಮಾಡಿ ಅದನ್ನು ಕರುಳಿನ ಮುಂದಿನ ಭಾಗಕ್ಕೆ ಜೋಡಿಸುತ್ತಾರೆ. ಎರಡರಲ್ಲೂ ಮಾತ್ರೆ ಕರಗುವ ಜಾಗ, ಆಮ್ಲದ ಪ್ರಮಾಣ ಮತ್ತು ವೇಗ ಬದಲಾಗುತ್ತವೆ. ಬೈಪಾಸ್‌ನಲ್ಲಿ ಹೀರಿಕೊಳ್ಳುವ ಕರುಳಿನ ಉದ್ದವೂ ಕಡಿಮೆಯಾಗುತ್ತದೆ. ಹಳೆಯ ಮಾತ್ರೆಯನ್ನು ಹಳೆಯ ಪ್ರಮಾಣದಲ್ಲಿ ಕೊಟ್ಟರೂ ಈಗ ಅದು ಮೈಯಲ್ಲಿ ಬೇರೆ ರೀತಿ ವರ್ತಿಸಬಹುದು. ಇಲ್ಲಿರುವ ಅಂಕಿಗಳು ಸಾಮಾನ್ಯವಾಗಿ ಪಾಲಿಸುವಂಥವು. ನಿಮ್ಮ ಮಗುವಿನ ಪ್ರಮಾಣವನ್ನು ನಿಮ್ಮ ವೈದ್ಯರೇ ಬರೆದುಕೊಡಬೇಕು.

ಮೊದಲೇ ಕೊಂಡಿಟ್ಟುಕೊಳ್ಳಬೇಕಾದವು

ಒಂದು ನೋಟ್‌ಬುಕ್, ದಿನಕ್ಕೆ ನಾಲ್ಕು ಮನೆಗಳಿರುವ ವಾರದ ಮಾತ್ರೆ ಡಬ್ಬಿ, ಮಾತ್ರೆ ತುಂಡು ಮಾಡುವ ಮತ್ತು ಪುಡಿ ಮಾಡುವ ಸಾಧನ, ದ್ರವ ಔಷಧ ಅಳೆಯಲು ಮಿಲಿಲೀಟರ್ ಗುರುತಿರುವ, ಸೂಜಿ ಇಲ್ಲದ ಸಿರಿಂಜ್, ಥರ್ಮಾಮೀಟರ್. ಅಡುಗೆಮನೆಯ ಚಮಚಗಳು ಒಂದರಂತೆ ಒಂದಿರುವುದಿಲ್ಲ, ಅವುಗಳಿಂದ ಔಷಧ ಅಳೆಯಬೇಡಿ. ಮಧುಮೇಹ ಇದ್ದರೆ ಗ್ಲುಕೋಮೀಟರ್, ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಬಿಪಿ ಯಂತ್ರ ಮನೆಯಲ್ಲಿರಲೇಬೇಕು.

ಹಂತ 1: ಒಂದು ತಿಂಗಳ ಮೊದಲು, ಎಲ್ಲವನ್ನೂ ಮೇಜಿನ ಮೇಲೆ ಸುರಿಯಿರಿ

‘ಏನೇನು ಔಷಧ ತಗೊಳ್ಳುತ್ತಿದ್ದೀಯ?’ ಎಂದು ಮಗುವನ್ನು ಕೇಳಿದರೆ ಅರ್ಧ ಉತ್ತರ ಸಿಗುತ್ತದೆ. ಅದರ ಬದಲು ಕಪಾಟು, ಶಾಲೆಯ ಚೀಲ, ಫ್ರಿಜ್‌ನ ಬಾಗಿಲು, ಅಜ್ಜಿಯ ಡಬ್ಬಿ ಎಲ್ಲ ಕಡೆಯಿಂದ ತಂದು ಒಂದೆಡೆ ಇಡಿ. ಇನ್‌ಹೇಲರ್, ಮೊಡವೆಯ ಮಾತ್ರೆ, ಮುಲಾಮು, ಜಿಮ್‌ನವರು ಕೊಟ್ಟ ಪ್ರೋಟೀನ್ ಪುಡಿ, ಅಶ್ವಗಂಧ, ತ್ರಿಫಲ, ಕಷಾಯದ ಪುಡಿ, ಹೆಸರೇ ಇಲ್ಲದ ನಾಟಿ ಔಷಧದ ಪೊಟ್ಟಣ, ಎಲ್ಲವೂ ಔಷಧವೇ. ಪ್ರತಿಯೊಂದರ ಮೂಲ ಔಷಧದ ಹೆಸರು, ಮಿಲಿಗ್ರಾಂ, ದಿನಕ್ಕೆಷ್ಟು, ಯಾರು ಬರೆದದ್ದು ಎಂಬುದನ್ನು ನೋಟ್‌ಬುಕ್ಕಿಗೆ ಇಳಿಸಿ. ಬ್ರ್ಯಾಂಡ್ ಹೆಸರೊಂದನ್ನೇ ಬರೆದರೆ ಸಾಲದು; ಜನೌಷಧಿ ಕೇಂದ್ರದಲ್ಲಿ ಅದೇ ಔಷಧ ಬೇರೆ ಹೆಸರಿನಲ್ಲಿ ಸಿಕ್ಕಾಗ ಎರಡನ್ನೂ ನುಂಗುವವರಿದ್ದಾರೆ.

ಆಮೇಲೆ ಮಗು ಒಬ್ಬಂಟಿಯಾಗಿ ವೈದ್ಯರ ಜೊತೆ ಹತ್ತು ನಿಮಿಷ ಮಾತನಾಡಲಿ. ನೀವು ಹೊರಗೆ ಕುಳಿತುಕೊಳ್ಳಿ. ಸಿಗರೇಟು, ಮದ್ಯ, ಗರ್ಭನಿರೋಧಕ ಮಾತ್ರೆ, ಸ್ನೇಹಿತರಿಂದ ಪಡೆದ ತೂಕ ಇಳಿಸುವ ಇಂಜೆಕ್ಷನ್ ಇಂಥವನ್ನು ಹೆತ್ತವರ ಎದುರು ಯಾವ ಮಗುವೂ ಬಾಯಿಬಿಡುವುದಿಲ್ಲ. ಅದರಿಂದ ನಿಮಗೆ ಬೇಸರವಾಗಬಹುದು, ಆದರೆ ಅರಿವಳಿಕೆ ತಜ್ಞರಿಗೆ ಆ ಮಾಹಿತಿ ಬೇಕೇ ಬೇಕು.

ಹಂತ 2: ಯಾವುದು ನಿಲ್ಲಬೇಕು, ಯಾವುದು ನಿಲ್ಲಬಾರದು

ಪಟ್ಟಿಯ ಪ್ರತಿ ಸಾಲಿನ ಮುಂದೆ ‘ಮುಂದುವರಿಸಿ’, ‘ಇಂಥ ದಿನ ನಿಲ್ಲಿಸಿ’, ‘ಬದಲಿಸಿ’ ಎಂಬ ಮೂರರಲ್ಲಿ ಒಂದನ್ನು ವೈದ್ಯರಿಂದಲೇ ಬರೆಸಿಕೊಳ್ಳಿ. ಕೆಳಗಿನವುಗಳ ಬಗ್ಗೆ ಅವರಾಗಿ ಹೇಳದಿದ್ದರೆ ನೀವೇ ಕೇಳಿ.

ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್‌ನಂಥ ಮಧುಮೇಹದ ಮಾತ್ರೆಗಳನ್ನು ಕನಿಷ್ಠ 3 ದಿನ ಮುಂಚೆ ನಿಲ್ಲಿಸುತ್ತಾರೆ. ನಿಲ್ಲಿಸದಿದ್ದರೆ ಸಕ್ಕರೆ ಅಂಶ ಸರಿಯಾಗಿದ್ದಂತೆ ಕಂಡರೂ ರಕ್ತ ಆಮ್ಲೀಯವಾಗುವ ಅಪಾಯವಿದೆ, ಗ್ಲುಕೋಮೀಟರ್ ಅದನ್ನು ತೋರಿಸುವುದಿಲ್ಲ.

ಸೆಮಾಗ್ಲುಟೈಡ್, ಟಿರ್ಜೆಪಟೈಡ್, ಲಿರಾಗ್ಲುಟೈಡ್ ಎಂಬ ತೂಕ ಇಳಿಸುವ ಇಂಜೆಕ್ಷನ್‌ಗಳು ಹೊಟ್ಟೆ ಖಾಲಿಯಾಗುವುದನ್ನು ನಿಧಾನಗೊಳಿಸುತ್ತವೆ. ಹಿಂದಿನ ರಾತ್ರಿಯಿಂದ ಉಪವಾಸವಿದ್ದರೂ ಜಠರದಲ್ಲಿ ಆಹಾರ ಉಳಿದಿದ್ದು, ಅರಿವಳಿಕೆ ಕೊಟ್ಟಾಗ ಶ್ವಾಸಕೋಶಕ್ಕೆ ನುಗ್ಗಬಹುದು. ಕೊನೆಯ ಇಂಜೆಕ್ಷನ್ ಯಾವ ದಿನ ತೆಗೆದುಕೊಂಡದ್ದು ಎಂಬುದನ್ನು ಅರಿವಳಿಕೆ ತಜ್ಞರಿಗೆ ತಪ್ಪದೇ ಹೇಳಿ.

ಪಿಸಿಒಡಿ (ಅಂಡಾಶಯದ ಹಾರ್ಮೋನ್ ಏರುಪೇರು) ಎಂದು ಈಸ್ಟ್ರೊಜನ್ ಇರುವ ಮಾತ್ರೆ ತೆಗೆದುಕೊಳ್ಳುವ ಹುಡುಗಿಯರಿಗೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚು. ಇವನ್ನು ಸಾಮಾನ್ಯವಾಗಿ ಒಂದು ತಿಂಗಳು ಮುಂಚೆಯೇ ನಿಲ್ಲಿಸುತ್ತಾರೆ. ಪೂಜೆ, ಮದುವೆ ಎಂದು ಮುಟ್ಟು ಮುಂದೂಡಲು ನುಂಗುವ ನಾರೆಥಿಸ್ಟೆರೋನ್ ಮಾತ್ರೆಯನ್ನು ಯಾರೂ ಔಷಧ ಎಂದೇ ಎಣಿಸುವುದಿಲ್ಲ. ಹೆಚ್ಚು ಪ್ರಮಾಣದಲ್ಲಿ ತೆಗೆದುಕೊಂಡಾಗ ಅದರ ಒಂದು ಅಂಶ ಮೈಯಲ್ಲಿ ಈಸ್ಟ್ರೊಜನ್ ಆಗಿ ಬದಲಾಗುತ್ತದೆ. ಶಸ್ತ್ರಚಿಕಿತ್ಸೆಯ ಆಸುಪಾಸಿನಲ್ಲಿ ಹಬ್ಬವಿದ್ದರೆ ಈ ಮಾತನ್ನು ಮನೆಯ ಹಿರಿಯರಿಗೂ ತಿಳಿಸಿ.

ಗಿಡಮೂಲಿಕೆ ಔಷಧಗಳನ್ನು ಸಾಮಾನ್ಯವಾಗಿ ಎರಡು ವಾರ ಮುಂಚೆ ನಿಲ್ಲಿಸಲು ಹೇಳುತ್ತಾರೆ.

ಖಿನ್ನತೆ, ಅಪಸ್ಮಾರದ ಮಾತ್ರೆಗಳನ್ನು ಮಾತ್ರ ನೀವಾಗಿ ನಿಲ್ಲಿಸಕೂಡದು. ಆಸ್ತಮಾ ಇನ್‌ಹೇಲರ್ ಕೂಡ ಹಾಗೆಯೇ. ಮನೋವೈದ್ಯರು, ನರರೋಗ ತಜ್ಞರು ಬರೆದ ಔಷಧವಿದ್ದರೆ ಅವರಿಗೂ ಶಸ್ತ್ರಚಿಕಿತ್ಸಕರಿಗೂ ನೇರವಾಗಿ ಮಾತನಾಡಿಸಿ. ಮನಸ್ಸಿನ ಏರಿಳಿತಕ್ಕೆ ಕೊಡುವ ಲಿಥಿಯಂ ತೆಗೆದುಕೊಳ್ಳುವವರಲ್ಲಿ ನೀರಿನಂಶ ಕಡಿಮೆಯಾದರೆ ಅದರ ಮಟ್ಟ ವಿಷಮಟ್ಟಕ್ಕೇರಬಹುದು. ಅವರಿಗೆ ರಕ್ತ ಪರೀಕ್ಷೆಯ ದಿನಾಂಕಗಳನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು.

ಹಂತ 3: ಪಥ್ಯದ ದಿನಗಳಲ್ಲಿ ಸಕ್ಕರೆ, ಬಿಪಿ

ಯಕೃತ್ತು ಕುಗ್ಗಲೆಂದು ಶಸ್ತ್ರಚಿಕಿತ್ಸೆಗೆ ಸುಮಾರು ಎರಡು ವಾರ ಮುಂಚೆ ಬಹಳ ಕಡಿಮೆ ಕ್ಯಾಲರಿಯ ಪಥ್ಯ ಶುರು ಮಾಡಿಸುತ್ತಾರೆ. ಊಟ ಅರ್ಧಕ್ಕಿಂತ ಕೆಳಗಿಳಿದಿದ್ದರೂ ಇನ್ಸುಲಿನ್ ಅಥವಾ ಮಧುಮೇಹದ ಗ್ಲಿಮೆಪಿರೈಡ್ ಮಾತ್ರೆ ಹಳೆಯ ಪ್ರಮಾಣದಲ್ಲೇ ಸಾಗಿದರೆ ಸಕ್ಕರೆ ಕುಸಿಯುತ್ತದೆ. ಪಥ್ಯ ಶುರುವಾಗುವ ದಿನವೇ ಹೊಸ ಪ್ರಮಾಣ ಕೇಳಿ ಪಡೆಯಿರಿ. ಬೆವರು, ನಡುಕ, ಮಂಕು ಕಂಡರೆ ಗ್ಲುಕೋಮೀಟರ್ ನೋಡಿ; 70ಕ್ಕಿಂತ ಕೆಳಗಿದ್ದರೆ ಸಕ್ಕರೆ ನೀರು ಕೊಟ್ಟು ವೈದ್ಯರಿಗೆ ಫೋನ್ ಮಾಡಿ. ಪಥ್ಯ ಕೆಡುತ್ತದೆಂದು ಸಕ್ಕರೆ ಕೊಡಲು ಹಿಂಜರಿಯುವ ಹೊತ್ತಲ್ಲ ಅದು.

ಹಂತ 4: ಡಿಸ್ಚಾರ್ಜ್ ದಿನ ಹೊಸ ಪಟ್ಟಿ

ಮನೆಗೆ ಹೊರಡುವ ಆತುರದಲ್ಲಿ ಚೀಟಿಯನ್ನು ಮಡಚಿ ಜೇಬಿಗಿಟ್ಟುಕೊಳ್ಳಬೇಡಿ. ಹಂತ 1ರ ಪಟ್ಟಿಯನ್ನೂ ಡಿಸ್ಚಾರ್ಜ್ ಸಾರಾಂಶವನ್ನೂ ಅಕ್ಕಪಕ್ಕ ಇಟ್ಟು ಒಂದೊಂದೇ ಸಾಲು ತಾಳೆ ನೋಡಿ. ಹಳೆಯ ಪಟ್ಟಿಯಲ್ಲಿದ್ದು ಹೊಸದರಲ್ಲಿ ಇಲ್ಲದ ಔಷಧ ಬೇಕೆಂದೇ ಕೈಬಿಟ್ಟದ್ದೋ, ಮರೆತದ್ದೋ? ಕೇಳದೆ ಎದ್ದು ಬರಬೇಡಿ. ‘1-0-1’, ‘ಎಸ್‌ಒಎಸ್’, ‘ಎಚ್‌ಎಸ್’ ಮುಂತಾದ ಸಂಕೇತಗಳ ಪಕ್ಕದಲ್ಲಿ ಕನ್ನಡದಲ್ಲಿ ಹೊತ್ತು ಬರೆಸಿ.

ಸಾಮಾನ್ಯವಾಗಿ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ಅಥವಾ ಒಮೆಪ್ರಜೋಲ್ ಕೆಲವು ತಿಂಗಳು, ಪಿತ್ತಕೋಶದ ಕಲ್ಲು ಆಗದಿರಲು ಅರ್ಸೊಡಿಆಕ್ಸಿಕೋಲಿಕ್ ಆಮ್ಲ ಸುಮಾರು ಆರು ತಿಂಗಳು, ಕೆಲವರಿಗೆ ರಕ್ತ ಹೆಪ್ಪುಗಟ್ಟದಂತೆ ಹೊಟ್ಟೆಯ ಚರ್ಮಕ್ಕೆ ಕೊಡುವ ಇಂಜೆಕ್ಷನ್ ಕೆಲವು ದಿನ ಇರುತ್ತವೆ. ಪ್ರತಿಯೊಂದಕ್ಕೂ ಮುಗಿಯುವ ದಿನಾಂಕ ಬರೆಸಿಕೊಳ್ಳಿ. ನೋವಿಲ್ಲ ಎಂದು ಗ್ಯಾಸ್ಟ್ರಿಕ್ ಮಾತ್ರೆಯನ್ನು ಹತ್ತೇ ದಿನಕ್ಕೆ ನಿಲ್ಲಿಸುವುದು ಎಲ್ಲರ ಮನೆಯ ತಪ್ಪು.

ಹೊಸ ಪಟ್ಟಿಯಲ್ಲಿಲ್ಲದ ಹಳೆಯ ಮಾತ್ರೆಗಳನ್ನು ಅಂದೇ ಮನೆಯಿಂದ ಹೊರಗೆ ಹಾಕಿ. ‘ಯಾವತ್ತಾದರೂ ಬೇಕಾಗುತ್ತದೆ’ ಎಂದು ಎತ್ತಿಟ್ಟದ್ದೇ ರಾತ್ರಿ ಹನ್ನೊಂದಕ್ಕೆ ಕೈಗೆ ಸಿಗುತ್ತದೆ.

ಹಂತ 5: ಮೊದಲ ವಾರಗಳಲ್ಲಿ ಮಾತ್ರೆಯ ರೂಪ

ಊತ ಇಳಿಯುವವರೆಗೆ ದೊಡ್ಡ ಮಾತ್ರೆ ಸಿಕ್ಕಿಹಾಕಿಕೊಳ್ಳಬಹುದು. ಆದ್ದರಿಂದ ದ್ರವ, ಅಗಿಯುವ, ನಾಲಿಗೆಯ ಕೆಳಗಿಡುವ ಅಥವಾ ಪುಡಿ ಮಾಡಬಹುದಾದ ರೂಪ ಕೇಳಿ. ಪುಡಿ ಮಾಡುವ ಮೊದಲು ಮಾತ್ರೆಯ ಸ್ಟ್ರಿಪ್‌ನ ಹಿಂಬದಿ ಓದಿ. ಹೆಸರಿನ ಕೊನೆಗೆ ಎಸ್‌ಆರ್, ಎಕ್ಸ್‌ಆರ್, ಇಆರ್, ಸಿಆರ್, ಪಿಆರ್ ಎಂದಿದ್ದರೆ ಅದು ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆ. ಅದನ್ನು ಕುಟ್ಟಿದರೆ ಇಡೀ ದಿನದ ಔಷಧ ಒಮ್ಮೆಲೇ ರಕ್ತಕ್ಕೆ ಸೇರುತ್ತದೆ. ಕುಟ್ಟದೆ ನುಂಗಿದರೆ, ಮೊಟಕಾದ ದಾರಿಯಲ್ಲಿ ಪೂರ್ತಿ ಕರಗದೆ ಹೊರಹೋಗಬಹುದು. ಹಾಗಾಗಿ ಇಂಥ ಮಾತ್ರೆಗೆ ಬದಲಿ ಬೇಕು: ಮೆಟ್‌ಫಾರ್ಮಿನ್ ಎಸ್‌ಆರ್ ಬದಲು ಸಾಮಾನ್ಯ ಮೆಟ್‌ಫಾರ್ಮಿನ್, ಹೀಗೆ. ಅಪಸ್ಮಾರದ ಮಾತ್ರೆ ಬದಲಾದಾಗ ರಕ್ತದಲ್ಲಿ ಅದರ ಮಟ್ಟ ಪರೀಕ್ಷಿಸಬೇಕಾಗಬಹುದು.

ಪ್ಯಾಂಟೊಪ್ರಜೋಲ್ ಮಾತ್ರೆಗೆ ಹೊರಪದರವಿದೆ, ಕುಟ್ಟಬೇಡಿ. ಒಮೆಪ್ರಜೋಲ್ ಕ್ಯಾಪ್ಸೂಲನ್ನು ಬಿಡಿಸಿ ಒಳಗಿನ ಕಾಳುಗಳನ್ನು ನುಂಗಬಹುದೇ ಎಂದು ಕೇಳಿ. ಬೈಪಾಸ್ ಆದವರಿಗೆ ಹಾಗೆ ಕೊಡುವುದುಂಟು. ಕಾಳುಗಳನ್ನು ಅಗಿಯುವಂತಿಲ್ಲ.

ಪುಡಿಯನ್ನು ಹಾಲು, ಮಜ್ಜಿಗೆ, ರಾಗಿ ಅಂಬಲಿಗೆ ಬೆರೆಸುವುದು ನಮ್ಮಲ್ಲಿ ರೂಢಿ. ಥೈರಾಯ್ಡ್ ಮಾತ್ರೆ, ಕಬ್ಬಿಣ, ಮೊಡವೆಗೆ ಕೊಡುವ ಡಾಕ್ಸಿಸೈಕ್ಲಿನ್‌ಗಳನ್ನು ಅವುಗಳಲ್ಲಿರುವ ಕ್ಯಾಲ್ಸಿಯಂ ಹಿಡಿದಿಟ್ಟುಬಿಡುತ್ತದೆ. ನೀರೇ ಸಾಕು. ಸಕ್ಕರೆ ಪಾಕದ ಸಿರಪ್‌ಗಳು ಬೈಪಾಸ್ ಆದವರಲ್ಲಿ ಎದೆಬಡಿತ, ಬೆವರು, ಭೇದಿ ತರಬಹುದು. ಸಕ್ಕರೆ ಇಲ್ಲದ್ದನ್ನು ಕೇಳಿ. ಈನೋ, ನೊರೆ ಬರುವ ಮಾತ್ರೆಗಳು ಈ ದಿನಗಳಲ್ಲಿ ಬೇಡ.

ಹಂತ 6: ನೋವಿನ ಮಾತ್ರೆ, ಎಲ್ಲಕ್ಕಿಂತ ಹೆಚ್ಚು ಜನ ಎಡವುವ ಜಾಗ

ಐಬುಪ್ರೊಫೆನ್, ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ನ್ಯಾಪ್ರೋಕ್ಸೆನ್, ಮೆಫೆನಾಮಿಕ್ ಆಮ್ಲ, ನಿಮೆಸುಲೈಡ್, ಆಸ್ಪಿರಿನ್: ಈ ಏಳು ಹೆಸರುಗಳನ್ನು ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿ. ಇವು ಹೊಸ ಜೋಡಣೆಯ ಜಾಗದಲ್ಲಿ ಹುಣ್ಣು ಮಾಡುತ್ತವೆ. ಹುಣ್ಣು ರಕ್ತ ಸುರಿಸಬಹುದು, ತೂತಾಗಬಹುದು. ಬೈಪಾಸ್ ಆದವರಿಗೆ ಇವು ಜೀವನಪೂರ್ತಿ ವರ್ಜ್ಯ ಎಂದೇ ತಿಳಿಯಿರಿ. ಸ್ಲೀವ್ ಆದವರಿಗೆ ಅಪಾಯ ಸ್ವಲ್ಪ ಕಡಿಮೆ ಎನ್ನುತ್ತಾರಾದರೂ, ವೈದ್ಯರು ಸ್ಪಷ್ಟವಾಗಿ ಹೇಳದ ಹೊರತು ಮುಟ್ಟದಿರುವುದೇ ಕ್ಷೇಮ.

ಕಾಂಬಿಫ್ಲಾಮ್‌ನಲ್ಲಿ ಐಬುಪ್ರೊಫೆನ್ ಇದೆ. ಮೆಫ್ಟಾಲ್ ಸ್ಪಾಸ್‌ನಲ್ಲಿ ಮೆಫೆನಾಮಿಕ್ ಆಮ್ಲ, ಡಿಸ್ಪ್ರಿನ್‌ನಲ್ಲಿ ಆಸ್ಪಿರಿನ್, ವೊವೆರಾನ್‌ನಲ್ಲಿ ಡೈಕ್ಲೋಫೆನಾಕ್, ಜೀರೊಡಾಲ್‌ನಲ್ಲಿ ಅಸೆಕ್ಲೋಫೆನಾಕ್. ಸೊಂಟಕ್ಕೆ ಚುಚ್ಚಿದರೆ ಹೊಟ್ಟೆಗೆ ಹೋಗುವುದಿಲ್ಲವಲ್ಲ ಎಂದು ವಾದಿಸುವವರು ಬಹಳ. ಔಷಧ ರಕ್ತದ ಮೂಲಕವೇ ಜಠರದ ರಕ್ಷಣೆಯನ್ನು ತೆಗೆದುಹಾಕುತ್ತದೆ, ಆದ್ದರಿಂದ ಇಂಜೆಕ್ಷನ್ ಕೂಡ ಅದೇ ಹುಣ್ಣಿಗೆ ದಾರಿ.

ಮುಟ್ಟಿನ ನೋವಿಗೆ ಏನು ಮಾಡಬೇಕು ಎಂಬುದನ್ನು ಶಸ್ತ್ರಚಿಕಿತ್ಸೆಗೆ ಮುಂಚೆಯೇ ಸ್ತ್ರೀರೋಗ ತಜ್ಞರಿಂದ ಬರೆಸಿಕೊಳ್ಳಿ. ಬಿಸಿನೀರಿನ ಚೀಲ, ಪ್ಯಾರಾಸಿಟಮಾಲ್ ಸಾಲದಿದ್ದರೆ ಬೇರೆ ಉಪಾಯಗಳಿವೆ. ‘ಹೇಗೋ ತಡೆದುಕೋ’ ಎಂದು ಬಿಟ್ಟರೆ ಹುಡುಗಿ ಗೆಳತಿಯ ಚೀಲದಿಂದ ಮೆಫ್ಟಾಲ್ ತೆಗೆದುಕೊಳ್ಳುತ್ತಾಳೆ, ಅವಳನ್ನು ಬೈದು ಪ್ರಯೋಜನವಿಲ್ಲ.

ಪ್ಯಾರಾಸಿಟಮಾಲ್ ಸುರಕ್ಷಿತ, ಆದರೆ ಲೆಕ್ಕ ತಪ್ಪಿದರೆ ಯಕೃತ್ತಿಗೆ ಏಟು. ಯಾವ ಕಾರಣಕ್ಕೂ ದಿನಕ್ಕೆ 4 ಗ್ರಾಂ ದಾಟಕೂಡದು. ಡೋಲೊ 650ರ ಆರು ಮಾತ್ರೆಗೇ ಆ ಗಡಿ ಬಂತು. ಸರಿಯಾಗಿ ಊಟ ಸೇರದ ಮಗುವಿಗೆ ಮಿತಿ ಇನ್ನೂ ಕೆಳಗೆ, ಅದನ್ನು ವೈದ್ಯರು ತೂಕ ನೋಡಿ ಬರೆಯಬೇಕು. ಶೀತದ ಮಾತ್ರೆಗಳಲ್ಲೂ ಪ್ಯಾರಾಸಿಟಮಾಲ್ ಅಡಗಿರುತ್ತದೆ, ಎರಡನ್ನೂ ಕೂಡಿಸಿ ಎಣಿಸಿ. ಇನ್ನೊಂದು: ಶಸ್ತ್ರಚಿಕಿತ್ಸೆಯಾದ ಮೊದಲ ತಿಂಗಳಲ್ಲಿ ಜ್ವರ ಬಂದರೆ ಡೋಲೊ ನುಂಗಿಸಿ ಮಲಗಿಸಬೇಡಿ. ಅದು ಹೊಲಿಗೆ ಸೋರುತ್ತಿರುವ ಸೂಚನೆ ಆಗಿರಬಹುದು. ಮೊದಲು ಫೋನ್, ಆಮೇಲೆ ಮಾತ್ರೆ.

ಟ್ರಮಡಾಲ್ ಮತ್ತು ಕೊಡೀನ್ ಬಗ್ಗೆ ವಿಶೇಷ ಎಚ್ಚರ ಬೇಕು. 12ರಿಂದ 18 ವರ್ಷದವರಲ್ಲಿ ಸ್ಥೂಲಕಾಯ ಅಥವಾ ನಿದ್ದೆಯಲ್ಲಿ ಉಸಿರುಗಟ್ಟುವ ತೊಂದರೆ ಇದ್ದರೆ ಇವನ್ನು ಬಳಸಬಾರದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲಿ ಎಚ್ಚರಿಸಿತು. ಉಸಿರಾಟ ನಿಧಾನವಾಗಿ ಸಾವೂ ಸಂಭವಿಸಬಹುದು. ಅಲ್ಟ್ರಾಸೆಟ್‌ನಲ್ಲಿ ಟ್ರಮಡಾಲ್ ಇದೆ, ಕೆಲವು ಕೆಮ್ಮಿನ ಸಿರಪ್‌ಗಳಲ್ಲಿ ಕೊಡೀನ್ ಇದೆ. ಚೀಟಿಯಲ್ಲಿ ಕಂಡರೆ, ಮಗು ರಾತ್ರಿ ಗೊರಕೆ ಹೊಡೆಯುತ್ತದೆ ಎಂಬುದನ್ನು ಹೇಳಿ ಬದಲಿ ಕೇಳಿ.

ಬಂಧುಗಳಿಗೆ ಗೊತ್ತಾಗಬಾರದೆಂದು ‘ಹರ್ನಿಯಾ ಆಪರೇಷನ್’ ಎಂದು ಹೇಳಿಕೊಳ್ಳುವ ಮನೆಗಳಿವೆ. ಬಂಧುಗಳಿಗೆ ಏನು ಬೇಕಾದರೂ ಹೇಳಿ. ಊರಿನ ಡಾಕ್ಟರಿಗೆ, ಮೆಡಿಕಲ್ ಅಂಗಡಿಯವರಿಗೆ, ಹಲ್ಲಿನ ವೈದ್ಯರಿಗೆ ನಿಜವನ್ನೇ ಹೇಳಬೇಕು. ಬರೀ ‘ಬೈಪಾಸ್’ ಎಂದರೆ ಹೃದಯದ್ದು ಎಂದುಕೊಂಡಾರು. ‘ಜಠರದ ಬೈಪಾಸ್, ಐಬುಪ್ರೊಫೆನ್, ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆ, ಇಂಜೆಕ್ಷನ್ ಕೊಡಬೇಡಿ’ ಎಂದು ಚೀಟಿ ಬರೆದು ಮಗುವಿನ ಪರ್ಸ್‌ನಲ್ಲಿಡಿ.

ಹಂತ 7: ವಿಟಮಿನ್‌ಗಳ ವೇಳಾಪಟ್ಟಿ

ಅಮೆರಿಕದ ಐದು ಕೇಂದ್ರಗಳಲ್ಲಿ 242 ಹದಿಹರೆಯದವರನ್ನು ಗಮನಿಸಿದ ಟೀನ್-ಲ್ಯಾಬ್ಸ್ ಅಧ್ಯಯನದಲ್ಲಿ, ಶಸ್ತ್ರಚಿಕಿತ್ಸೆಯಾಗಿ ಮೂರು ವರ್ಷಗಳ ನಂತರ ಶೇ 57 ಮಂದಿಗೆ ಕಬ್ಬಿಣದ ಸಂಗ್ರಹ ಕಡಿಮೆಯಾಗಿತ್ತು. ಮಾತ್ರೆ ಬರೆಯದ್ದಷ್ಟೇ ಕಾರಣವಲ್ಲ. 2013ರಲ್ಲಿ ಪ್ರಕಟವಾದ ಇನ್ನೊಂದು ಸಣ್ಣ ಅಧ್ಯಯನದ ಪ್ರಕಾರ ಹದಿಹರೆಯದವರು ತಮಗೆ ಬರೆದುಕೊಟ್ಟ ವಿಟಮಿನ್ ಮಾತ್ರೆಗಳಲ್ಲಿ ಸುಮಾರು ಶೇ 30ರಷ್ಟನ್ನು ಮಾತ್ರ ತೆಗೆದುಕೊಂಡಿದ್ದರು. ಮರೆವು, ನುಂಗಲು ಕಷ್ಟ ಎಂಬುವೇ ಅವರು ಕೊಟ್ಟ ಮುಖ್ಯ ಕಾರಣಗಳು.

ಸಾಮಾನ್ಯ ಗುರಿ ಹೀಗಿದೆ: ಮುಟ್ಟಾಗುವ ಹುಡುಗಿಯರಿಗೆ ದಿನಕ್ಕೆ 45ರಿಂದ 60 ಮಿಲಿಗ್ರಾಂ ಶುದ್ಧ ಕಬ್ಬಿಣ; ಆಹಾರವೂ ಸೇರಿ 1200ರಿಂದ 1500 ಮಿಲಿಗ್ರಾಂ ಕ್ಯಾಲ್ಸಿಯಂ; ವಿಟಮಿನ್ ಡಿ, ಬಿ12, ಥಯಾಮಿನ್ (ವಿಟಮಿನ್ ಬಿ1) ಮತ್ತು ಮಲ್ಟಿವಿಟಮಿನ್. ಮಾತ್ರೆಯ ಸ್ಟ್ರಿಪ್ ಮೇಲಿನ ಫೆರಸ್ ಸಲ್ಫೇಟ್‌ನ ತೂಕ ಬೇರೆ, ಅದರೊಳಗಿನ ಶುದ್ಧ ಕಬ್ಬಿಣದ ತೂಕ ಬೇರೆ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆಯಲ್ಲಿ 60 ಮಿಲಿಗ್ರಾಂ ಇರುತ್ತದೆ, ಆದರೆ ಅದು ವಾರದ ಲೆಕ್ಕ. ಇಲ್ಲಿ ಬೇಕಿರುವುದು ದಿನದ್ದು.

ಕಬ್ಬಿಣ ಮತ್ತು ಕ್ಯಾಲ್ಸಿಯಂ ನಡುವೆ ಕನಿಷ್ಠ 2 ಗಂಟೆ, ಥೈರಾಯ್ಡ್ ಮಾತ್ರೆಗೂ ಇವೆರಡಕ್ಕೂ 4 ಗಂಟೆ ಅಂತರ ಇರಬೇಕು. ಕ್ಯಾಲ್ಸಿಯಂ ಒಮ್ಮೆಗೆ 500–600 ಮಿಲಿಗ್ರಾಂ ಮೀರಿದರೆ ವ್ಯರ್ಥ. ಕ್ಯಾಲ್ಸಿಯಂ ಸಿಟ್ರೇಟ್ ರೂಪ ಮೈಗೆ ಹತ್ತಲು ಜಠರದ ಆಮ್ಲದ ಹಂಗಿಲ್ಲ, ಅದನ್ನೇ ಕೇಳಿ. ಶಾಲೆಗೆ ಹೋಗುವ ಮಗುವಿಗೆ ಹೊಂದುವ ಒಂದು ಮಾದರಿ:

ಬೆಳಿಗ್ಗೆ 6: ಥೈರಾಯ್ಡ್ ಮಾತ್ರೆ ಇದ್ದರೆ, ನೀರಿನೊಂದಿಗೆ
ಬೆಳಿಗ್ಗೆ 7: ಗ್ಯಾಸ್ಟ್ರಿಕ್ ಮಾತ್ರೆ, ಅರ್ಧ ಗಂಟೆಯ ಮೇಲೆ ತಿಂಡಿ
ಬೆಳಿಗ್ಗೆ 10.30, ಶಾಲೆಯ ಬಿಡುವು: ಅಗಿಯುವ ಕ್ಯಾಲ್ಸಿಯಂ
ಮಧ್ಯಾಹ್ನದ ಊಟದೊಂದಿಗೆ: ಮಲ್ಟಿವಿಟಮಿನ್, ಬಿ12
ಸಂಜೆ 5.30: ಎರಡನೇ ಕ್ಯಾಲ್ಸಿಯಂ
ರಾತ್ರಿ 9: ಕಬ್ಬಿಣ, ಸ್ವಲ್ಪ ನಿಂಬೆ ನೀರಿನೊಂದಿಗೆ, ಆಮೇಲೆ ಅರ್ಧ ಗಂಟೆ ಮಲಗುವಂತಿಲ್ಲ

ಕಬ್ಬಿಣದ ಹಿಂದೆ ಮುಂದೆ ಚಹಾ, ಕಾಫಿ ಬೇಡ. ವಿಟಮಿನ್ ಡಿ 60,000 ಯೂನಿಟ್‌ನ ಪುಡಿ ಅಥವಾ ಕ್ಯಾಪ್ಸೂಲ್ ವಾರಕ್ಕೊಂದು. ಅದನ್ನು ದಿನಾ ತೆಗೆದುಕೊಂಡು ರಕ್ತದಲ್ಲಿ ಕ್ಯಾಲ್ಸಿಯಂ ಏರಿಸಿಕೊಂಡು ಆಸ್ಪತ್ರೆ ಸೇರುವವರಿದ್ದಾರೆ. ಕ್ಯಾಲೆಂಡರ್‌ನಲ್ಲಿ ಭಾನುವಾರಗಳಿಗೆ ಸುತ್ತುಹಾಕಿ. ಮಾಂಸ, ಮೊಟ್ಟೆ ಮುಟ್ಟದ ಮನೆಯ ಮಕ್ಕಳಲ್ಲಿ ಬಿ12 ಮೊದಲೇ ಕಡಿಮೆ ಇರುವ ಸಂಭವ ಹೆಚ್ಚು, ಶಸ್ತ್ರಚಿಕಿತ್ಸೆಗೆ ಮುಂಚೆಯೇ ಪರೀಕ್ಷಿಸಿ ಸರಿಪಡಿಸಿಕೊಳ್ಳಿ.

ಹಂತ 8: ತೂಕ ಇಳಿದಂತೆ ಪಟ್ಟಿ ತಿದ್ದುವುದು

ಮಧುಮೇಹದ ಔಷಧದ ಅಗತ್ಯ ಕೆಲವೇ ದಿನಗಳಲ್ಲಿ ಇಳಿಯಬಹುದು. ಬಿಪಿ ಮಾತ್ರೆ ಹಾಗೇ ಮುಂದುವರಿದರೆ ಎದ್ದು ನಿಂತಾಗ ತಲೆ ಸುತ್ತುತ್ತದೆ. ಮೂತ್ರ ಹೆಚ್ಚಿಸುವ ಮಾತ್ರೆಯಿದ್ದು ನೀರು ಕುಡಿಯಲಾಗದಿದ್ದರೆ ಮೂತ್ರಪಿಂಡಕ್ಕೆ ತೊಂದರೆ. ಥೈರಾಯ್ಡ್ ಪರೀಕ್ಷೆ ಸುಮಾರು 6ರಿಂದ 8 ವಾರಕ್ಕೊಮ್ಮೆ ಬೇಕಾಗಬಹುದು. 3, 6, 12 ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸಿ. ಚೀಟಿಯಲ್ಲಿ ಫೆರಿಟಿನ್ (ಮೈಯಲ್ಲಿನ ಕಬ್ಬಿಣದ ಸಂಗ್ರಹ ತೋರಿಸುವ ಪರೀಕ್ಷೆ) ಇದೆಯೇ ನೋಡಿ, ಹಿಮೋಗ್ಲೋಬಿನ್ ಒಂದೇ ಸಾಲದು.

ಬೈಪಾಸ್ ನಂತರ ಗರ್ಭನಿರೋಧಕ ಮಾತ್ರೆಯನ್ನು ನಂಬುವಂತಿಲ್ಲ. ಅದೇ ಹೊತ್ತಿಗೆ ತೂಕ ಇಳಿದು ಅಂಡೋತ್ಪತ್ತಿ ಮರುಕಳಿಸುತ್ತದೆ. ಶಸ್ತ್ರಚಿಕಿತ್ಸೆಯ ಮೇಲೆ 12ರಿಂದ 18 ತಿಂಗಳು ಗರ್ಭ ಧರಿಸಬಾರದು. ಮೊಡವೆಗೆ ಐಸೊಟ್ರೆಟಿನೊಯಿನ್ ತೆಗೆದುಕೊಳ್ಳುತ್ತಿದ್ದರಂತೂ ಗರ್ಭದ ಶಿಶುವಿಗೆ ಗಂಭೀರ ಹಾನಿ. ಮನೆಯಲ್ಲಿ ಮಾತನಾಡಲು ಮುಜುಗರವಾದರೆ ಸ್ತ್ರೀರೋಗ ತಜ್ಞರೇ ಹುಡುಗಿಯ ಬಳಿ ಮಾತನಾಡಲಿ.

ಖಿನ್ನತೆಯ ಮಾತ್ರೆಗಳ ಹೀರಿಕೆಯೂ ಕಡಿಮೆಯಾಗಬಹುದು. ತೂಕ ಇಳಿಯುತ್ತಿದ್ದರೂ ಮಗು ಮಂಕಾಗಿದ್ದರೆ ಮನೋವೈದ್ಯರ ಭೇಟಿಯನ್ನು ಮುಂಚಿತಗೊಳಿಸಿ. ಟೆಲಿ-ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೂ ಮಾತನಾಡಬಹುದು.

ಹಂತ 9: ಹಾಸ್ಟೆಲ್, ಉಪವಾಸ, ಪಾರ್ಟಿ

ಪಿಯುಸಿಗೆ ಹಾಸ್ಟೆಲ್ ಸೇರುವ ಮೊದಲೇ ಡಬ್ಬಿ ತುಂಬುವ ಕೆಲಸ ಮಗುವಿನದಾಗಲಿ. ನೀವು ವಾರಕ್ಕೊಮ್ಮೆ ನೋಡಿದರೆ ಸಾಕು. ವಾರ್ಡನ್ ಬಳಿ ಪಟ್ಟಿಯ ಪ್ರತಿ ಇರಲಿ. ತಪ್ಪಿಹೋದ ಮಾತ್ರೆಗೆ ಬದಲಾಗಿ ಮರುದಿನ ಎರಡು ನುಂಗುವುದಿಲ್ಲ ಎಂಬುದನ್ನು ಬಾಯಿಪಾಠ ಮಾಡಿಸಿ. ಏಕಾದಶಿ, ರಂಜಾನ್ ಉಪವಾಸಕ್ಕೆ ಮುಂಚೆ ವೈದ್ಯರ ಒಪ್ಪಿಗೆ ಬೇಕು. ಮದ್ಯ ಈಗ ಬೇಗ ತಲೆಗೇರುತ್ತದೆ, ಹೆಚ್ಚು ಹೊತ್ತು ಉಳಿಯುತ್ತದೆ. ವಯಸ್ಸಿನ ಮಾತು ಬಿಟ್ಟರೂ ಇದನ್ನು ಹದಿನೇಳರ ಮಗುವಿಗೆ ನೇರವಾಗಿ ಹೇಳಿಬಿಡುವುದು ಒಳ್ಳೆಯದು.

ಕೂಡಲೇ ಆಸ್ಪತ್ರೆಗೆ ಓಡಬೇಕಾದ ಲಕ್ಷಣಗಳು

ವಿಶ್ರಾಂತಿಯಲ್ಲೂ ನಾಡಿ ನಿಮಿಷಕ್ಕೆ 120 ದಾಟುವುದು, ಜ್ವರ, ಹೆಚ್ಚುತ್ತಿರುವ ಹೊಟ್ಟೆನೋವು ಅಥವಾ ಭುಜದ ನೋವು; ಒಂದು ಕಾಲು ಮಾತ್ರ ಊದಿಕೊಳ್ಳುವುದು, ಉಸಿರುಕಟ್ಟುವುದು; ರಕ್ತವಾಂತಿ; ಎಬ್ಬಿಸಿದರೂ ಏಳದ ನಿದ್ದೆ. ಕಬ್ಬಿಣದ ಮಾತ್ರೆಯಿಂದ ಮಲ ಕಪ್ಪಾಗುವುದು ಸಹಜ, ಆದರೆ ಡಾಂಬರಿನಂತೆ ಅಂಟಂಟಾಗಿ ದುರ್ವಾಸನೆ ಇದ್ದರೆ ಅದು ರಕ್ತ. 108ಕ್ಕೆ ಕರೆ ಮಾಡಿ.

ಎರಡು ಮೂರು ದಿನ ಬಿಡದೆ ವಾಂತಿಯಾದರೆ ಥಯಾಮಿನ್ ಖಾಲಿಯಾಗತೊಡಗುತ್ತದೆ. ಕಣ್ಣಿಗೆ ಎರಡೆರಡು ಕಾಣುವುದು, ನಡೆಯುವಾಗ ತೂರಾಡುವುದು, ಮಾತು ಗೊಂದಲವಾಗುವುದು ಮಿದುಳಿಗೆ ಪೆಟ್ಟು ಬೀಳುತ್ತಿರುವ ಲಕ್ಷಣ. ಹತ್ತಿರದ ಆಸ್ಪತ್ರೆಯಲ್ಲಿ ಸುಸ್ತು ಎಂದು ಮೊದಲು ಗ್ಲೂಕೋಸ್ ಬಾಟಲಿ ಏರಿಸುತ್ತಾರೆ. ಥಯಾಮಿನ್ ಇಲ್ಲದೆ ಬರೀ ಗ್ಲೂಕೋಸ್ ಹೋದರೆ ಹಾನಿ ಹೆಚ್ಚಬಹುದು. ಬಾಗಿಲಲ್ಲೇ ನೋಟ್‌ಬುಕ್ ತೋರಿಸಿ ಹೇಳಿ: ‘ಜಠರದ ಶಸ್ತ್ರಚಿಕಿತ್ಸೆ ಆಗಿದೆ, ಮೂರು ದಿನದಿಂದ ವಾಂತಿ, ಗ್ಲೂಕೋಸ್‌ಗಿಂತ ಮೊದಲು ಥಯಾಮಿನ್ ಇಂಜೆಕ್ಷನ್ ಕೊಡಿ.’